ಚಿನ್ನಕ್ಕೆ ತಾಗಿಸಬೇಡಿ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್‌ನಿಂದ ಕಮರ್ಷಿಯಲ್ ಸ್ಟ್ರೀಟ್ ಕಡೆಗೆ ನಡೆಯುವಾಗ ನಡುವಿನ ಗಲ್ಲಿಗಳಲ್ಲಿ ಮೊದಲು ಅತ್ತರಿನ ವಾಸನೆ ಎದುರಾಗುತ್ತದೆ, ಆಮೇಲೆ ಬಳೆಗಳು. ಬಳೆಯಂಗಡಿಯ ಗಾಜಿನ ಕಪಾಟಿನ ಕೆಳಸಾಲಿನಲ್ಲಿ, ಹೇರ್‌ಪಿನ್ನು, ರಬ್ಬರ್‌ಬ್ಯಾಂಡುಗಳ ಪಕ್ಕ, ಮುಖ ಬೆಳ್ಳಗಾಗಿಸುವ ಕ್ರೀಮಿನ ಸಣ್ಣ ಡಬ್ಬಿಗಳಿರುತ್ತವೆ. ಅಂಥದೊಂದನ್ನು ಕೊಂಡೆ. ಮುಚ್ಚಳದ ಮೇಲೆ ಎರಡು ಹಸಿರೆಲೆ, ಒಂದು ಬಿಳಿ ಹೂವು. "ಫುಲ್ ನ್ಯಾಚುರಲ್ ಮೇಡಂ, ಹದಿನೈದು ದಿನ ಹಚ್ಚಿ, ನೀವೇ ಬಂದು ಹೇಳ್ತೀರ" ಅಂದ ಅಂಗಡಿಯ ಹುಡುಗ. ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ, ಒಳಗೆ ಏನಿದೆ ಎಂಬ ಪಟ್ಟಿಯಿಲ್ಲ. ಆದರೆ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ ಇತ್ತು. ಬಿಸಿಲಿಗೆ ಹೋಗಬೇಡಿ, ರಾತ್ರಿ ಮಾತ್ರ ಹಚ್ಚಿ ಎಂದೆಲ್ಲ ಬರೆದು, ಕೊನೆಯಲ್ಲಿ ಒಂದು ಸಾಲು: ಚಿನ್ನ, ಬೆಳ್ಳಿಯ ಒಡವೆಗೆ ತಾಗಿಸಬೇಡಿ.

ಎಲೆ, ಹೂವಿನಿಂದ ಮಾಡಿದ ವಸ್ತುವಿಗೆ ಚಿನ್ನದ ಮೇಲೇಕೆ ಹಗೆ?

ಅಲ್ಲೇ ಜ್ಯುವೆಲರ್ಸ್ ಸ್ಟ್ರೀಟ್ ಇರುವಾಗ ಕೇಳಲು ದೂರ ಹೋಗಬೇಕಿಲ್ಲ. ಅಮ್ಮನ ಓಲೆಯ ತಿರುಪು ಸರಿಮಾಡಿಕೊಡುವ ಆಚಾರಿಯೊಬ್ಬರಿದ್ದಾರೆ. ಚೀಟಿ ಓದಿಸಿದೆ. ಕನ್ನಡಕ ಹಣೆಗೇರಿಸಿ ಡಬ್ಬಿಯನ್ನು ದೂರ ಹಿಡಿದರು. "ಚಿನ್ನಕ್ಕೆ ಎಣ್ಣೆ ತಾಗಲಿ, ಸೋಪು ತಾಗಲಿ, ಹುಳಿ ತಾಗಲಿ, ಏನೂ ಆಗಲ್ಲಮ್ಮ. ಅದು ಹೆದರೋದು ಒಂದಕ್ಕೇ, ಪಾದರಸಕ್ಕೆ." ಸ್ವಲ್ಪ ಉತ್ಪ್ರೇಕ್ಷೆ, ರಾಜದ್ರಾವಕ ಎಂಬ ಆಮ್ಲಗಳ ಮಿಶ್ರಣದಲ್ಲೂ ಚಿನ್ನ ಕರಗುತ್ತದೆ. ಆದರೆ ರಾಜದ್ರಾವಕವನ್ನು ಯಾರೂ ಮುಖಕ್ಕೆ ಹಚ್ಚಿಕೊಳ್ಳುವುದಿಲ್ಲ. ಪಾದರಸ ಚಿನ್ನವನ್ನು ನುಂಗಿ ಬೆಣ್ಣೆಯಂತಾಗುತ್ತದೆ. ಅದನ್ನು ತಾಮ್ರಕ್ಕೆ ಬಳಿದು ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನದ ಲೇಪ ಉಳಿಯುತ್ತದೆ. ಅದಕ್ಕೂ ಕನ್ನಡದಲ್ಲಿ ಮುಲಾಮು ಎಂದೇ ಹೆಸರು. ಗಾಯಕ್ಕೆ ಹಚ್ಚುವುದೂ ಮುಲಾಮು, ಹಿತ್ತಾಳೆಯನ್ನು ಚಿನ್ನವಾಗಿ ತೋರಿಸುವುದೂ ಮುಲಾಮು. ಈ ಡಬ್ಬಿಯ ವಿಷಯದಲ್ಲಿ ಎರಡೂ ಒಂದೇ ಇರಬಹುದೆಂದು ಆಚಾರಿಗೆ ಅನುಮಾನ.

ಅನುಮಾನವನ್ನು ಸಾಬೀತು ಮಾಡುವುದು ಪ್ರಯೋಗಾಲಯದ ಕೆಲಸ. ಆದರೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಜನರಿಗೆ ಹೇಳುವ ಎಚ್ಚರಿಕೆಯೂ ಇದೇ: ಬೆಳ್ಳಿ, ಚಿನ್ನ, ಅಲ್ಯೂಮಿನಿಯಂಗೆ ತಾಗಿಸಬೇಡಿ ಎಂದು ಯಾವುದಾದರೂ ಕ್ರೀಮು ಹೇಳಿದರೆ ಅದರಲ್ಲಿ ಪಾದರಸವಿರಬಹುದು. ಕ್ರೀಮಿನಲ್ಲಿರುವುದು ಥರ್ಮಾಮೀಟರಿನ ಹೊಳೆಯುವ ದ್ರವವಲ್ಲ, ಪಾದರಸದ ಲವಣ. ಒಡವೆಯಲ್ಲಿ ಬೆರೆತ ತಾಮ್ರ, ಬೆಳ್ಳಿಗೆ ತಾಗಿದಾಗ ಆ ಲವಣ ಮತ್ತೆ ಲೋಹವಾಗಿ ಅಂಟಿ ಬಣ್ಣ ಕೆಡಿಸುತ್ತದೆ. ಕದ್ದುಮುಚ್ಚಿ ಮಾರುವವನಿಗೂ ಗಿರಾಕಿ ಬಳೆ ಹಿಡಿದು ಜಗಳಕ್ಕೆ ಬರುವುದು ಬೇಡ. ಹಾಗಾಗಿ ಚೀಟಿಯಲ್ಲಿ ಒಡವೆಯನ್ನು ಕಾಪಾಡುತ್ತಾನೆ. ಮೂತ್ರಪಿಂಡದ ಬಗ್ಗೆ ಏನೂ ಬರೆಯುವುದಿಲ್ಲ.

ಪಾದರಸ ಮುಖವನ್ನು ಬೆಳ್ಳಗೆ ಮಾಡುವುದು ಸುಳ್ಳಲ್ಲ, ಅದೇ ತೊಂದರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಆ ಕಿಣ್ವ ಕೆಲಸ ಮಾಡುವುದು ತನ್ನೊಳಗಿನ ತಾಮ್ರದ ಪರಮಾಣುಗಳಿಂದ. ಪಾದರಸ ಹೋಗಿ ತಾಮ್ರದ ಜಾಗದಲ್ಲಿ ಕೂರುತ್ತದೆ, ಕಿಣ್ವ ಕೆಲಸ ನಿಲ್ಲಿಸುತ್ತದೆ. ಹದಿನೈದು ದಿನದಲ್ಲಿ ಬದಲಾವಣೆ ಕಾಣುತ್ತದೆ, ಹುಡುಗ ಹೇಳಿದ್ದು ನಿಜವಾಗುತ್ತದೆ. ಆದರೆ ಪಾದರಸ ಮುಖದಲ್ಲೇ ನಿಲ್ಲುವುದಿಲ್ಲ. ಚರ್ಮದ ಮೂಲಕ ರಕ್ತಕ್ಕೆ, ರಕ್ತದಿಂದ ಮೂತ್ರಪಿಂಡಕ್ಕೆ ಹೋಗುತ್ತದೆ.

ಇದಕ್ಕೆ ದೂರದ ದೇಶದ ಉದಾಹರಣೆ ಬೇಡ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡದ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ನೋಡಿದ ಒಂದು ಬಗೆಯ ರೋಗದ 22 ಪ್ರಕರಣಗಳನ್ನು ವರದಿ ಮಾಡಿದರು. ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದಿಕೊಳ್ಳುವ ಕಾಯಿಲೆ ಅದು. ಅವರಲ್ಲಿ 15 ಜನರ ಮೂತ್ರಪಿಂಡದಲ್ಲಿ ಅಪರೂಪದ ಒಂದೇ ಗುರುತು ಕಂಡಿತು. ಆ 15ರಲ್ಲಿ 13 ಮಂದಿ ಬಿಳಿಪಿನ ಕ್ರೀಮು ಹಚ್ಚುತ್ತಿದ್ದವರು. ಇನ್ನೊಂದು ಪ್ರಕರಣ ಇದಕ್ಕಿಂತ ಹೆಚ್ಚು ಕಾಡುತ್ತದೆ: 2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ, ವರ್ಜೀನಿಯಗಳಲ್ಲಿ ಇಂಥ ಕ್ರೀಮು ಬಳಸುತ್ತಿದ್ದವರ ಮನೆಮಂದಿಯನ್ನು ಪರೀಕ್ಷಿಸಿದಾಗ, ಕ್ರೀಮನ್ನು ಮುಟ್ಟದವರ ಮೂತ್ರದಲ್ಲೂ ಪಾದರಸ ಹೆಚ್ಚಾಗಿತ್ತು. ಒಂದೇ ಟವೆಲ್ಲು, ಒಂದೇ ದಿಂಬು, ಅಮ್ಮನ ಕೆನ್ನೆಗೆ ಕೆನ್ನೆ ಒತ್ತುವ ಮಗು.

ನಮ್ಮ ಕಾನೂನು ಈ ವಿಷಯದಲ್ಲಿ ಸಡಿಲವಾಗಿಲ್ಲ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಅರಿವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ. ಕಾನೂನು ಕಾಯುವುದು ಹೆಸರು, ವಿಳಾಸ ಇರುವ ಡಬ್ಬಿಯನ್ನು. ಹೆಸರಿಲ್ಲದ ಡಬ್ಬಿ ಯಾರ ಕೈಗೂ ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಓದುಗರು ಕೇಳುವುದು ಸಹಜ: ಹಾಗಾದರೆ ನಿಜವಾಗಿಯೂ ಗಿಡದಿಂದ ಬಂದದ್ದನ್ನೇ ಹಚ್ಚಿದರಾಯಿತಲ್ಲ? ಇದಕ್ಕೆ ಉತ್ತರ ಕಂಟೋನ್ಮೆಂಟಿನ ಬಟ್ಟೆಗಳ ಮೇಲೇ ಬರೆದಿತ್ತು. 1809ರಲ್ಲಿ ಇಲ್ಲಿ ದಂಡು ಬೀಡುಬಿಟ್ಟಾಗಿನಿಂದ ಸಿಪಾಯಿಗಳ ಬಟ್ಟೆ ಒಗೆಯಲು ಅಗಸರು ಬೇಕೇಬೇಕಾಯಿತು. ಯಾರ ಅಂಗಿ ಯಾರದೆಂದು ತಿಳಿಯಲು ಭಾರತದ ಅಗಸರು ಗುರುತು ಹಾಕುತ್ತಿದ್ದದ್ದು ಕರಿಗೇರಿನ ರಸದಿಂದ. ಶುದ್ಧ ಕಾಡುಮರದ ಕಾಯಿ, ಎಷ್ಟು ಒಗೆದರೂ ಹೋಗದ ಕಪ್ಪು. ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಅಮೆರಿಕನ್ ಸೈನಿಕರ ಕತ್ತಿನ ಹಿಂದೆ, ಸೊಂಟದಲ್ಲಿ, ಸರಿಯಾಗಿ ಆ ಗುರುತು ಇದ್ದ ಜಾಗದಲ್ಲಿ ನೀರ್ಗುಳ್ಳೆ ಎದ್ದವು. ಅವರ ವೈದ್ಯರು 1943ರಲ್ಲಿ ಅದಕ್ಕೆ ಧೋಬಿ ಗುರುತಿನ ಚರ್ಮರೋಗ ಎಂದೇ ಹೆಸರಿಟ್ಟು ಬರೆದರು. ಗೋಡಂಬಿ ಸಿಪ್ಪೆಯ ಎಣ್ಣೆ, ಮಾವಿನ ಸೊನೆ, ಕರಿಗೇರು ಒಂದೇ ವಂಶದವು, ಸುಡುವ ಗುಣವೂ ಒಂದೇ. ಮಾವಿನಕಾಯಿ ಕಿತ್ತು ತುಟಿಯಂಚು ಸುಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಆಚಾರಿ ಚಿನ್ನ ಯಾವ ಗಣಿಯದೆಂದು ಕೇಳುವುದಿಲ್ಲ. ಕೋಲಾರದ್ದಾದರೂ ಸರಿ, ಹಡಗಿನಲ್ಲಿ ಬಂದದ್ದಾದರೂ ಸರಿ, ಒರೆಗಲ್ಲಿಗೆ ತೀಡಿ ನೋಡುತ್ತಾರೆ. ಚರ್ಮವೂ ಹಾಗೆಯೇ. ಬಂದ ಅಣು ಗಿಡದ್ದೋ ಕಾರ್ಖಾನೆಯದ್ದೋ ಎಂದು ಅದು ವಿಚಾರಿಸುವುದಿಲ್ಲ. ಯಾವ ಅಣು, ಎಷ್ಟು, ಮೈಯ ಯಾವ ಭಾಗದಲ್ಲಿ, ಎಷ್ಟು ಹೊತ್ತು? ಒರೆಗಲ್ಲು ಇಷ್ಟೇ.

ಕಣ್ಣಿನ ಕಪ್ಪನ್ನು ಅದರ ಮೇಲೆ ತೀಡಿ ನೋಡೋಣ. ನಮ್ಮಜ್ಜಿ ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ, ಬೆಳಗ್ಗೆ ಅಂಟಿದ ಮಸಿಯನ್ನು ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡುತ್ತಿದ್ದರು. ಅದು ಬಹುಪಾಲು ಇಂಗಾಲ. ಅತ್ತರಿನ ಅಂಗಡಿಗಳಲ್ಲಿ ಪುಟ್ಟ ಸೀಸೆಯಲ್ಲಿ ಸಿಗುವ ಸುರ್ಮಾ ಬೇರೆಯೇ ವಸ್ತು. ಅದು ಕಲ್ಲಿನ ಪುಡಿ. ಹಳೆಯ ಕ್ರಮದ ಸುರ್ಮಾ ಅರೆಯುತ್ತಿದ್ದದ್ದು ಗ್ಯಾಲೀನಾ ಎಂಬ ಅದಿರಿನಿಂದ. ಶುದ್ಧ ಗ್ಯಾಲೀನಾದ ತೂಕದಲ್ಲಿ ಶೇ 86ಕ್ಕಿಂತ ಹೆಚ್ಚು ಸೀಸವೇ. ಎರಡೂ ಕಪ್ಪು, ಎರಡೂ ಸಹಜ, ಎರಡೂ ಪೂರ್ವಿಕರದ್ದು. ಆದರೆ ಮಗು ಕಣ್ಣು ಉಜ್ಜಿದ ಬೆರಳನ್ನು ಬಾಯಿಗಿಡುತ್ತದೆ. ಕಣ್ಣೀರೂ ಸಣ್ಣ ನಾಳದ ಮೂಲಕ ಮೂಗಿಗಿಳಿದು ಗಂಟಲು ಸೇರುತ್ತದೆ. ಅಲ್ಲಿಂದ ಹೊಟ್ಟೆ, ಹೊಟ್ಟೆಯ ಆಮ್ಲದಲ್ಲಿ ಕರಗಿದ ಸೀಸ ರಕ್ತಕ್ಕೆ, ಮಿದುಳಿಗೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ದಶಕಗಟ್ಟಲೆ ಸೀಸದ ವಿಷವನ್ನು ಬೆನ್ನಟ್ಟಿ, ಭಾರತದ 'ಲೆಡ್ ಮ್ಯಾನ್' ಎನಿಸಿಕೊಂಡರು. ಪೆಟ್ರೋಲಿನಿಂದ ಸೀಸ 2000ದಲ್ಲಿ ಹೋಯಿತು. ಮನೆಯೊಳಗಿನ ಸೀಸ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಅಜ್ಜಿಯ ಕಾಡಿಗೆಯನ್ನೂ ನಾನು ಪೂಜಿಸುವುದಿಲ್ಲ. ಮನೆಯ ಏಳು ಮಕ್ಕಳ ಕಣ್ಣಿಗೂ ಒಂದೇ ಬೆರಳು. ಒಬ್ಬರ ಕಣ್ಣು ಕೆಂಪಾದರೆ ವಾರದಲ್ಲಿ ಏಳೂ ಜೋಡಿ ಕೆಂಪು.

ಮದರಂಗಿಯ ಕಥೆ ಇನ್ನೂ ವಿಚಿತ್ರ. ರಂಜಾನ್ ಕೊನೆಯ ರಾತ್ರಿಗಳಲ್ಲಿ ಕಮರ್ಷಿಯಲ್ ಸ್ಟ್ರೀಟ್ ಸುತ್ತಮುತ್ತ ಸ್ಟೂಲು ಹಾಕಿ ಕೂತು ಕೋನ್ ಹಿಡಿದ ಹುಡುಗರ ಮುಂದೆ ಕೈಗಳು ಸಾಲುಗಟ್ಟುತ್ತವೆ. ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಚರ್ಮದ ಕೆರಾಟಿನ್ ಎಂಬ ಪ್ರೋಟೀನಿಗೆ ನಿಧಾನವಾಗಿ ಬೆಸೆದುಕೊಳ್ಳುತ್ತದೆ. ಅದಕ್ಕೆ ಗಂಟೆಗಳು ಬೇಕು, ಬಣ್ಣ ಕಿತ್ತಳೆಯಿಂದ ಕಂದುಗೆಂಪು. ಕಪ್ಪು ಅದರಿಂದ ಬರುವುದೇ ಇಲ್ಲ. ಹತ್ತು ನಿಮಿಷದಲ್ಲಿ ಕಡುಕಪ್ಪು ಬಿಡುವ ಕೋನ್ ಅಂದರೆ ಅದರಲ್ಲಿ ಸಾಮಾನ್ಯವಾಗಿ ಇರುವುದು ಪ್ಯಾರಾ-ಫಿನೈಲೀನ್‌ಡೈಅಮೈನ್, ಅಂದರೆ ತಲೆಗೂದಲಿನ ಡೈ. ಬಾಯಿ ತಿರುಗದಿದ್ದರೆ ಪಿಪಿಡಿ ಎನ್ನಿ. ಯುರೋಪಿನಲ್ಲಿ ಇದು ಕೂದಲಿಗೆ ಹಚ್ಚುವಾಗ ಶೇ 2 ಮೀರುವಂತಿಲ್ಲ, ಚರ್ಮಕ್ಕಂತೂ ಹಚ್ಚುವಂತೆಯೇ ಇಲ್ಲ. ಇಲ್ಲಿನ ಹೇರ್ ಡೈ ಪೊಟ್ಟಣದ ಮೇಲೆ ಮೊದಲು ಪರೀಕ್ಷಿಸಿ ನೋಡಿ, ಹುಬ್ಬಿಗೆ, ರೆಪ್ಪೆಗೆ ಹಚ್ಚಬೇಡಿ, ಕುರುಡಾಗಬಹುದು ಎಂದು ಸ್ಥಳೀಯ ಭಾಷೆಯಲ್ಲೂ ಎಚ್ಚರಿಸಬೇಕೆಂದು ನಿಯಮವಿದೆ. ಕೋನಿನ ಮೇಲೆ ಏನೂ ಇರುವುದಿಲ್ಲ.

ಪಿಪಿಡಿಯ ಕೆಟ್ಟತನವಿರುವುದು ಅದರ ನೆನಪಿನಲ್ಲಿ. ಮೊದಲ ಸಲ ಹಚ್ಚಿದಾಗ ಹಲವರಿಗೆ ಏನೂ ಆಗುವುದಿಲ್ಲ. ಆದರೆ ರೋಗನಿರೋಧಕ ಕಣಗಳು ಆ ಅಣುವಿನ ಗುರುತು ಹಿಡಿದಿಟ್ಟುಕೊಳ್ಳುತ್ತವೆ. ಮುಂದಿನ ಹಬ್ಬಕ್ಕೆ ಕೈಮೇಲಿನ ಬಳ್ಳಿ, ಹೂವು, ಹಕ್ಕಿ ಎಲ್ಲ ಚಿತ್ರದ ಗೆರೆಯಗಲಕ್ಕೇ ಬೊಬ್ಬೆ ಏಳುತ್ತವೆ. ಹತ್ತು ವರ್ಷದ ಹುಡುಗಿ ಕೈಗೆ ಹಚ್ಚಿಸಿಕೊಂಡದ್ದು, ಅವಳು ನಲವತ್ತರಲ್ಲಿ ಬಿಳಿಗೂದಲಿಗೆ ಡೈ ಹಚ್ಚಿದ ದಿನ ಮುಖ ಊದಿಸಿ ಲೆಕ್ಕ ಚುಕ್ತಾ ಮಾಡಬಹುದು. ಎಲೆ ತಂದು ಅರೆದು ಹಚ್ಚಲು ಸೋಮಾರಿತನವಿಲ್ಲದವರಿಗೆ ಈ ಭಯವಿಲ್ಲ. ಸಹಜವೇ ಗೆಲ್ಲುವ ಜಾಗಗಳೂ ಇವೆ, ಇದು ಒಂದು.

ಕುಂಕುಮ ಇನ್ನೊಂದು. ಹಲಸೂರಿನ ಸೋಮೇಶ್ವರ ದೇವಸ್ಥಾನದ ಎದುರಿನಿಂದ ಮನೆಗೆ ತರುವ ಪೊಟ್ಟಣದಲ್ಲಿ ರಸಾಯನಶಾಸ್ತ್ರದ ಒಂದು ಪಾಠವೇ ಇರಬೇಕಿತ್ತು. ಅರಿಶಿನದ ಕರ್ಕ್ಯುಮಿನ್ ಹುಳಿಯಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಆರತಿಯ ಓಕುಳಿ ನೀರು ಅದೇ: ಅರಿಶಿನಕ್ಕೆ ಚಿಟಿಕೆ ಸುಣ್ಣ. ಅದಕ್ಕೆ ನಿಂಬೆರಸ ಹಿಂಡಿ, ಕೆಂಪು ಮಾಯವಾಗಿ ಅರಿಶಿನ ವಾಪಸು ಬರುತ್ತದೆ. ಹಳೆಯ ಕ್ರಮದ ಕುಂಕುಮಕ್ಕೆ ಅರಿಶಿನದ ಕೊಂಬಿನ ಜೊತೆ ಬಿಳಿಗಾರವನ್ನೂ ನಿಂಬೆರಸವನ್ನೂ ಸೇರಿಸುತ್ತಿದ್ದರು. ಬಿಳಿಗಾರದ ಬೋರಾನ್ ಕರ್ಕ್ಯುಮಿನ್ ಜೊತೆ ಕಟ್ಟಿಕೊಂಡು ಹುಳಿಯಲ್ಲೂ ನಿಲ್ಲುವ ಕೆಂಪಾಗುತ್ತದೆ. ಈಗ ಅಗ್ಗದ ಪೊಟ್ಟಣಗಳಲ್ಲಿ ಬಣ್ಣ ಕಾರ್ಖಾನೆಯದ್ದು, ಮೈತುಂಬಿಸಲು ಬೇರಾವುದೋ ಪುಡಿ. ಹಣೆ ನವೆಯಾಗಿ ಕಪ್ಪುಗಟ್ಟಿದವರನ್ನು ಚರ್ಮವೈದ್ಯರು ಮೊದಲು ಕೇಳುವುದು ಯಾವ ಕುಂಕುಮ ಎಂದು. ಸ್ಟಿಕರ್ ಬೊಟ್ಟಿಗೆ ಬದಲಾದವರೂ ಪೂರಾ ಪಾರಾಗಿಲ್ಲ. ಅದರ ಅಂಟಿನಲ್ಲಿ ಬರುವ ಪ್ಯಾರಾ-ಟರ್ಷಿಯರಿ-ಬ್ಯೂಟೈಲ್ ಫೀನಾಲ್ ಕೆಲವರ ಬಣ್ಣದ ಕಣಗಳನ್ನು ಕೊಂದು ಬೊಟ್ಟಿನಷ್ಟೇ ದುಂಡನೆಯ ಬಿಳಿ ಮಚ್ಚೆ ಉಳಿಸುತ್ತದೆ.

ಈಗ ಇಂದಿರಾನಗರದ ನೂರಡಿ ರಸ್ತೆಗೆ ಬನ್ನಿ. ಹಲಸೂರಿನಿಂದ ಮುಂದಿನದೇ ಮೆಟ್ರೊ ನಿಲ್ದಾಣ, ಆದರೆ ಲೋಕವೇ ಬೇರೆ. ಬಿಳಿಗೋಡೆ, ಕಂದು ಸೀಸೆ, ಸೆಣಬಿನ ದಾರ. ಸೀಸೆಯ ಮೇಲೆ ಇದರಲ್ಲಿ ಏನಿಲ್ಲ ಎಂಬ ಪಟ್ಟಿ: ಪ್ಯಾರಾಬೆನ್ ಇಲ್ಲ, ಸಲ್ಫೇಟ್ ಇಲ್ಲ, ಕೆಮಿಕಲ್ಲೇ ಇಲ್ಲ. ಕೊನೆಯದನ್ನು ನಂಬಿದರೆ ಸೀಸೆಯಲ್ಲಿ ನೀರೂ ಇರಬಾರದು. ಅಣಕ ಬಿಡಿ, ಪ್ಯಾರಾಬೆನ್ನಿನ ಕಥೆ ಮಾತ್ರ ಹೇಳಲೇಬೇಕು. ನೀರಿರುವ ಯಾವ ಕ್ರೀಮಿನಲ್ಲೂ ಬೂಷ್ಟು, ಬ್ಯಾಕ್ಟೀರಿಯ ಬೆಳೆಯುತ್ತವೆ, ನಿನ್ನೆಯ ಚಟ್ನಿಯ ಹಾಗೆ. ತಡೆಯಲು ಏನಾದರೂ ಬೇಕು. ಪ್ಯಾರಾಬೆನ್‌ಗೆ ಹೆದರಿದ ಕಂಪನಿಗಳು ಹಲವೆಡೆ ಮಿಥೈಲ್‌ಐಸೋಥಯಾಜೋಲಿನೋನ್ ಎಂಬ ಬದಲಿಯನ್ನು ತಂದವು. ಅಲರ್ಜಿಗಳು ಎಷ್ಟು ಹೆಚ್ಚಾದವೆಂದರೆ ಅಮೆರಿಕದ ಸ್ಪರ್ಶಚರ್ಮರೋಗ ತಜ್ಞರ ಸಂಘ 2013ರಲ್ಲಿ ಅದಕ್ಕೆ 'ವರ್ಷದ ಅಲರ್ಜಿಕಾರಕ' ಪಟ್ಟ ಕಟ್ಟಿತು. ಮುಖದಲ್ಲೇ ಉಳಿಯುವ ಕ್ರೀಮುಗಳಲ್ಲಿ ಯುರೋಪು ಅದನ್ನು ನಿಷೇಧಿಸಿತು. 2019ರಲ್ಲಿ ಅದೇ ಸಂಘ ಪ್ಯಾರಾಬೆನ್‌ಗಳನ್ನು ತುಸು ತುಂಟತನದಿಂದಲೇ ವರ್ಷದ ಅಲರ್ಜಿಕಾರಕ 'ಅಲ್ಲ'ದ ವಸ್ತು ಎಂದು ಘೋಷಿಸಿತು. ಪ್ಯಾರಾಬೆನ್ ಹಾರ್ಮೋನಿನಂತೆ ವರ್ತಿಸಬಹುದೇ ಎಂಬ ಚರ್ಚೆ ಬೇರೆ; ಯುರೋಪು ಕೆಲವು ಬಗೆಗಳನ್ನು ಕೈಬಿಟ್ಟು ಉಳಿದವುಗಳಿಗೆ ಮಿತಿ ಹಾಕಿದೆ. ಆದರೆ ಚರ್ಮದ ಮಟ್ಟಿಗೆ ನೋಡಿದರೆ, ಗೊತ್ತಿದ್ದ ನೆರೆಯವನನ್ನು ಓಡಿಸಿ ಗೊತ್ತಿಲ್ಲದವನಿಗೆ ಮನೆ ಬಾಡಿಗೆಗೆ ಕೊಟ್ಟ ಹಾಗಾಯಿತು.

ಏನಿಲ್ಲ ಎಂಬ ಪಟ್ಟಿ ಓದಬೇಡಿ, ಏನಿದೆ ಎಂಬುದನ್ನು ಓದಿ. ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಹೆಚ್ಚಿನದರಿಂದ ಕಡಿಮೆಗೆ ಬರೆಯಬೇಕೆಂದು ನಿಯಮ. ಸೀಸೆಯ ಮೇಲೆ ಕೇಸರಿಯ ಚಿತ್ರ ದೊಡ್ಡದಿದ್ದು ಪಟ್ಟಿಯ ಬಾಲದಲ್ಲಿ ಕೇಸರಿಯಿದ್ದರೆ, ನೀವು ಕಾಸು ಕೊಟ್ಟದ್ದು ಚಿತ್ರಕ್ಕೆ. ತಯಾರಕರ ಪೂರ್ತಿ ವಿಳಾಸ, ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಬಳಕೆಯ ಗಡುವು ಇರಲೇಬೇಕು. ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಸೋಪು ಕಾಸಿ ಮಾರುವ ಗೆಳತಿಗೂ ಲೈಸೆನ್ಸ್ ಬೇಕೇಬೇಕು. ಸಹಜ ಪದಾರ್ಥಗಳ ಪ್ರಮಾಣವನ್ನು ಲೆಕ್ಕಹಾಕುವ ಐಎಸ್ಒ 16128 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದೇ ಸ್ಪಷ್ಟವಾಗಿ ಹೇಳಿಕೊಂಡಿದೆ: ಸುರಕ್ಷತೆ ನನ್ನ ವಿಷಯವಲ್ಲ.

ಸೋಪಿಗೆ ಇನ್ನೂ ಸುಲಭದ ಅಳತೆಯಿದೆ. ಟಿಎಫ್ಎಂ, ಅಂದರೆ ಒಟ್ಟು ಕೊಬ್ಬಿನ ಅಂಶ, ಶೇ 76 ಇದ್ದರೆ ಮೊದಲ ದರ್ಜೆ, 70 ಎರಡನೆಯದು, 60 ಮೂರನೆಯದು. ಸೋಪಿನ ಮಟ್ಟಿಗೆ ಬೆಂಗಳೂರಿನವರಿಗೆ ಹೆಮ್ಮೆಪಡುವ ಹಕ್ಕಿದೆ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಾಗ, ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯ, ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವ್ಯಾಟ್ಸನ್ ಇಲ್ಲೇ ಎಣ್ಣೆ ಇಳಿಸಿ ತೋರಿಸಿದರು. ಅದನ್ನು ಸೋಪಿಗೆ ಸೇರಿಸುವ ವಿದ್ಯೆ ಕಲಿತು ಬಂದವರು ಎಸ್. ಜಿ. ಶಾಸ್ತ್ರಿ. ಆದರೂ ಗಂಧದ ಎಣ್ಣೆಗೂ ಅಲರ್ಜಿಯಾಗುವವರಿದ್ದಾರೆ. ಸುಗಂಧ ಎಷ್ಟೇ ಶುದ್ಧವಾಗಿದ್ದರೂ ಅದು ಹತ್ತಾರು ಅಣುಗಳ ಸಂತೆ.

ಪೂರ್ವಕ್ಕೆ, ಕೆ. ಆರ್. ಪುರಂ ಕಡೆಗೆ ಹೋದಷ್ಟೂ ಕ್ರೀಮಿಗಿಂತ ನೀರಿನ ಮಾತೇ ಹೆಚ್ಚು. ಬೋರ್‌ವೆಲ್ಲಿನ, ಟ್ಯಾಂಕರಿನ ಗಡಸು ನೀರಿನಲ್ಲಿ ಸೋಪು ನೊರೆ ಬಿಡದೆ ಕ್ಯಾಲ್ಸಿಯಂ ಜೊತೆ ಸೇರಿ ಬಕೆಟ್ಟಿಗೆ ಅಂಟುವ ಬಿಳಿ ಜಿಡ್ಡಾಗುತ್ತದೆ, ಮೈಗೂ ಅಂಟುತ್ತದೆ. ಮೈ ಬಿರಿಯಿತೆಂದು ಹೊಸ ಲೋಷನ್ ಕೊಳ್ಳುವ ಮೊದಲು ಸೋಪು ಕಡಿಮೆ ಮಾಡಿ ನೋಡಬಹುದು, ಕಡಲೆಹಿಟ್ಟು ಬಳಸಬಹುದು. ದುಬಾರಿ ಸಾಫ್ಟನರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆಂಬ ಮಾರಾಟಗಾರನ ಮಾತಿಗೆ ಮಾತ್ರ ತಡೆಯಿರಿ: ಇಂಗ್ಲೆಂಡಿನಲ್ಲಿ ಇಸುಬಿನ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ನಿಂಬೆಹೋಳು ಮುಖಕ್ಕೆ ಉಜ್ಜುವುದನ್ನಂತೂ ಬಿಟ್ಟುಬಿಡಿ. ಅದರ ಹುಳಿಗಿಂತ ಅಪಾಯ ಸಿಪ್ಪೆಯ ಎಣ್ಣೆಯದು. ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟ ಕಲೆಯಾಗಬಹುದು.

ಔಷಧದಂಗಡಿಯ ಟ್ಯೂಬಿನ ಬಗ್ಗೆ ಒಂದು ಮಾತು. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂಬ ಸ್ಟೀರಾಯ್ಡುಗಳು ವೈದ್ಯರ ಕೈಯಲ್ಲಿ ಒಳ್ಳೆಯ ಆಯುಧ. ಪಕ್ಕದ ಮನೆಯವರು ಹೇಳಿದರೆಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳ ಕಂಡು, ಬಿಟ್ಟ ದಿನ ಉರಿ ಏಳುತ್ತದೆ. ಉರಿ ತಾಳದೆ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಸರ್ಕಾರ ಇಂಥ 14 ಔಷಧಗಳನ್ನು ಚೀಟಿಯಿಲ್ಲದೆ ಮಾರಬಾರದೆಂದಿತು. ಚೀಟಿ ಕೇಳುವ ಅಂಗಡಿ ಸಿಕ್ಕರೆ ಅಲ್ಲಿಗೇ ಹೋಗುತ್ತಿರಿ.

ಹೊಸದೇನಾದರೂ ಹಚ್ಚುವ ಮೊದಲು ನಾನು ಮಾಡುವುದು ಒಂದೇ ಕೆಲಸ: ಮೊಣಕೈ ಮಡಿಕೆಯಲ್ಲಿ ದಿನಕ್ಕೆರಡು ಬಾರಿ, ಒಂದು ವಾರ. ಅಲ್ಲಿ ತುರಿಸಿದರೆ ಮುಖ ಉಳಿಯಿತು.

ಆ ಎಲೆಚಿತ್ರದ ಡಬ್ಬಿಯನ್ನು ಹಚ್ಚಿ ನೋಡಲಿಲ್ಲ. ಜಿಪ್ ಚೀಲದಲ್ಲಿ ಹಾಕಿ ಒಂದು ಬೆಳಗ್ಗೆ ಕಸದ ಆಟೊ ಬಂದಾಗ ಕೆಳಗೆ ತಂದೆ. ಸಿಂಕಿಗೆ ಸುರಿದರೆ ಅದು ಬೆಳ್ಳಂದೂರು ಕೆರೆಯ ದಾರಿ ಹಿಡಿಯುತ್ತದೆ. ಪಾದರಸ ಎಲ್ಲಿ ಹೋದರೂ ಪಾದರಸವೇ. ಆಟೊದಲ್ಲಿದ್ದ ಹೆಂಗಸು ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು.

"ಹಸಿನಾ ಅಕ್ಕ, ಒಣಾನಾ?"

ಎರಡೂ ಅಲ್ಲ ಅಂದೆ. ಡಬ್ಬಿ ಚೆನ್ನಾಗಿದೆ, ನನಗೇ ಕೊಡಿ ಅಂತ ಹಿಂದೆ ನಿಂತಿದ್ದ ಅವರ ಮಗಳು ಕೈ ಚಾಚಿದಳು. ಚೀಲ ವಾಪಸು ತೆಗೆದುಕೊಂಡು ಮೆಟ್ಟಿಲು ಹತ್ತಿದೆ.